ಸ್ಟ್ಯಾಂಡಿನಾಗ ಕೇಳಿದ್ದು

ಹನ್ನೊಂದು ವರ್ಷ ಆತು, ಟಾಕೀಜಿನ ಸೈಕಲ್ ಸ್ಟ್ಯಾಂಡ ಕಾಯತೇನಿ.
ಒಳಗ ಕುಂತು ಒಂದೂ ಪಿಚ್ಚರ್ ಪೂರ್ತಿ ನೋಡಿಲ್ಲ.
ನೋಡೂದು ಯಾಕ? ಶೋ ಬಿಟ್ಟ ಮ್ಯಾಲ
ಟೋಕನ್ ಜೋಡಿ ಕತೀನೂ ಕೊಟ್ಟ ಹೋಗತಾರ ಮಂದಿ,
ಚಿಲ್ಲರ ಇಲ್ಲದವರು ಸುದ್ದಾ.

ಈ ಸಲ ಬಂದದ್ದು ಕೊಲೀ ಪಿಚ್ಚರ್. ಕನ್ನಡದ್ದು.
ಸೊಲ್ಲಾಪುರದಾಗ ಕನ್ನಡ ಬರೂದಽ ವರ್ಷಕ್ಕ ಎರಡೋ ಮೂರೋ.
ಅಕ್ಕಲಕೋಟ ರಸ್ತೆದ ಲೂಮಿನವರು ಪಾಳಿ ಬದಲಿ ಮಾಡಿಕೊಂಡು ಬಂದರು,
ಹುಬ್ಬಿನ ಮ್ಯಾಲ ನೂಲಿನ ಧೂಳ ಹಂಗಽ ಇತ್ತು.

ಮೊದಲನೇ ರಾತ್ರಿ ಕಲ್ಶೆಟ್ಟಿ ಅಂದ:
"ಬರೇ ಕತ್ತಲಿ. ಯಾರಿಗೆ ಯಾರು ಹೊಡದರೋ ತಿಳೀಲಿಲ್ಲ.
ಬಲ್ಬಿನ ರೊಕ್ಕ ಉಳಸ್ಯಾರ ಮಕ್ಕಳು."
ಹಿಂದಽ ಬಂದ ಸಾಲಿ ಮಾಸ್ತರ:
"ಕತ್ತಲೀನಽ ಪಿಚ್ಚರೋ ಮಾರಾಯಾ, ಅದನ್ನ ನೋಡಬೇಕು."
ಇಬ್ಬರೂ ಒಂದಽ ಸೈಕಲ್ ಮ್ಯಾಲ ಬಂದವರು,
ಜಗಳಾಡಿಕೋತ ಡಬಲ್ ಸೀಟ್ ಹೋದರು.

"ಮಾತ ತಿಳೀಲಿಲ್ಲ, ಅಂಜಿಕಿ ತಿಳೀತು" ಅಂದ
ಮರಾಠಿ ಶಿಂಪಿಗ್ಯಾ ಅಂಬಾದಾಸ.
ರಿಟೈರ್ ಆದ ಹವಾಲ್ದಾರ ರೇವಣಸಿದ್ದಗ ಸಿಟ್ಟು:
"ಮೂರು ಮಿನಿಟಿನಾಗ ಪಂಚನಾಮೆ ಮುಗಸ್ತಾರ!
ನಾ ಒಂದು ಹೆಣದ ಮುಂದ ಬೆಳತನಾ ಕುಂತೇನಿ,
ಪಂಚರು ಸಿಗದಽ, ನಾಯಿ ಹೊಡಕೋತ.
ಅದನ್ನ ತಗೀತಾರೇನು ಯಾರರ?"
ಸಿವಿಲ್ ಆಸ್ಪತ್ರಿ ಆಯಾ ನರಸೂಬಾಯಿ
ತೆಲುಗಿನಾಗ ನಕ್ಕು ಕನ್ನಡದಾಗ ಅಂದಳು:
"ರಗತ ಅಷ್ಟ ಕೆಂಪ ಇರಂಗಿಲ್ಲೋ. ಗಳಿಗೀಗೆ ಕಾಕಂಬಿ ಆಗತೈತಿ."

ಕಾಲೇಜ ಹುಡುಗರಿಗೆ ಕೊಲೆಗಾರನಽ ಸೇರಿದ.
ಅವನಂಗ ಸಿಗರೇಟ ಹಚ್ಚಾಕ ಹೋಗಿ
ಒಬ್ಬ ನನ್ನ ಎದುರಿಗೇ ಮೀಸಿ ಸುಟ್ಟಕೊಂಡ.

ಆದರ ಒಂದು ಮಾತಿಗೆ ಎಲ್ಲಾರೂ ಕೂಡತಿದ್ದರು:
ಮೊದಲಿನ ರೀಲು ದಂಡ.
ಒಂದು ಹುಡುಗ. ಸಾಲಿಂದ ಬರತಾನ,
ಅವ್ವನ ಕಣ್ಣ ತಪ್ಪಿಸಿ ಬೆಲ್ಲ ತಿಂತಾನ,
ಸೈಕಲ್ ಹೊಡೀತಾನ, ಹೊಡೀತಾನ, ಹೊಡೀತಾನ.
"ಇಪ್ಪತ್ತು ಮಿನಿಟ್ ಏನಂದ್ರ ಏನೂ ಆಗಂಗಿಲ್ಲೋ ಗುರುಬಾಳ,
ಕತ್ತರಿ ಹಾಕಬೇಕಿತ್ತು!"

ಸಂಜಿ ಆಟಕ್ಕ ಒಬ್ಬಾಕಿ ಬರತಿದ್ದಳು,
ಟಾವೆಲ್ಲಿಗೆ ಅಂಚ ಹೊಲಿಯೂ ಮಹಾನಂದಾ.
ಸೈಕಲ್ ನೂಕಿಕೋತ. ಹತ್ತಿದ್ದು ನಾ ನೋಡಿಲ್ಲ.
ಸಣ್ಣ ಸೈಕಲ್, ಸೀಟು ಪೂರಾ ತೆಳಗ ಇಳಿಸಿದ್ದು,
ಹ್ಯಾಂಡಲಿಗೆ ಬಣ್ಣ ಹೋದ ಗೊಂಡೆ.
ಮನ್ಯಾಗ ಬಿಟ್ಟು ಬಂದ್ರ ಯಾರರ ಒಯ್ತಾರಂತ.
ಇಪ್ಪತ್ತು ಮಿನಿಟಿಗೆ ಹೊರಗ ಬಂದು ಟೋಕನ್ ಕೊಡಾಕಿ.
ಮೂರನೇ ದಿನ ಕೇಳಿದೆ: "ಯಾಕ ಬಾಯಿ, ಸೇರಲಿಲ್ಲೇನು?"
"ಭಾಳ ಚೊಲೊ ಐತ್ರಿ. ನನಗ ಅಷ್ಟಽ ಸಾಕು."
ಎಂಟಾಣೆ ಕೊಟ್ಟಳು, ಸೀಟು ಸೆರಗಿಲೆ ಒರಸಿದಳು.

ಐದನೇ ದಿನ ಮಾಲಕ ಮಂದೀ ಮಾತ ಕೇಳಿದ.
ಆಪರೇಟರ್ ಶಕೂರನ ಕರದು ಅಂದ:
"ಹೆಣದಿಂದಽ ಚಾಲೂ ಮಾಡು."
ಶಕೂರ ಮೊದಲಿನ ಡಬ್ಬಿ ಗ್ವಾಡಿಗೆ ಸರಿಸಿ
ಅದರ ಮ್ಯಾಲ ತನ್ನ ಬುತ್ತಿ ಇಟ್ಟ.
ಮ್ಯಾಟಿನಿ ಬಿಟ್ಟಾಗ ಕಲ್ಶೆಟ್ಟಿ, ಎರಡನೇ ಸಲ ನೋಡಿ:
"ಈಗ ಹದಕ್ಕ ಬಂತ ನೋಡು!"

ಸಂಜೀಕ ಆಕಿ ಒಳಗ ಹೋದಳು. ನಾ ಏನೂ ಅನಲಿಲ್ಲ.
ಅನಬೇಕಿತ್ತು. ಬಾಯಾಗ ತಂಬಾಕ ಇತ್ತು ಅಂತ
ಈಗ ನೆವ ಹೇಳತೇನಿ.

ಬೆಲ್ಲ್ ಹೊಡದು ಬೀಡಿ ಹಚ್ಚೂದರಾಗ ಬಾಗಲಾ ಸರೀತು.
ಒಂದು ಚಪ್ಪಲಿ ಒಳಗಽ ಉಳದಿತ್ತು.
"ಇವತ್ತ ಬ್ಯಾರೆ ಪಿಚ್ಚರೇನ್ರಿ?"
"ಅದಽ ಐತಿ ಬಾಯಿ. ಸಣ್ಣದು ಮಾಡ್ಯಾರ.
ಮಂದಿಗೆ ಬ್ಯಾಸರ ಆಗತಿತ್ತಂತ."
ಹೂಂ ಅಂದಳು.

ಟೋಕನ್ ಇಪ್ಪತ್ತೇಳು.
ರೊಕ್ಕ ಬ್ಯಾಡ ಅಂದೆ, ಕಟ್ಟಿ ಮ್ಯಾಲ ಇಟ್ಟಽ ಹೋದಳು.
ಸೈಕಲ್ಲಿನ ಫ್ರೀವೀಲು ಟಿಕ ಟಿಕ ಅನಕೋತ
ರೈಲ್ವೆ ಗೇಟಿನ ತನಕ ಕೇಳಿಸ್ತು.
ಒಳಗ ಮಂದಿ ಸೀಟಿ ಹೊಡೀತಿದ್ದರು.