ಬ್ರೆಡ್ಡಿನ ಬೈಕಿಗೆ ಹೊಸ ಗಂಟಲು

ವಾಲ್ಪರೈಸೋದ ಗುಡ್ಡಗಳಲ್ಲಿ ಕಡಲ ಉಪ್ಪು
ಮೊದಲು ತಗಡಿನ ಗೋಡೆ ತಿನ್ನುತ್ತದೆ,
ಆಮೇಲೆ ಮೊಳೆ, ಆಮೇಲೆ ನನ್ನ ಸೈಲೆನ್ಸರು.
ಹನ್ನೊಂದು ವರ್ಷ ಮೆದ್ದು ಮೆದ್ದು
ಅದರ ಹೊಟ್ಟೆಗೆ ಹೆಬ್ಬೆರಳು ತೂರುವಷ್ಟು ತೂತು ಮಾಡಿತ್ತು.

ಏರಿನಲ್ಲಿ ಗೊರಗೊರ, ಇಳಿಜಾರಿನಲ್ಲಿ ಖೊಕ್ ಖೊಕ್.
"ಅಗೋ, ಕ್ಷಯದ ಬ್ರೆಡ್ಡು ಬಂತು" ಎಂದು
ಕಿಟಕಿ ತೆರೆಯುತ್ತಿದ್ದರು ಜನ.
ತಪಾಸಣೆಯ ಹುಡುಗ ಮಾತ್ರ ಬಾಗಿ ನೋಡಿ
ಚೀಟಿಗೆ ಕೆಂಪು ಮುದ್ರೆ ಒತ್ತಿದ.

ಎಲಿಸೇಯೋನ ಅಂಗಡಿಯಲ್ಲಿ ಮೂರು ಇದ್ದವು.
ಒಂದು ಟೈಟಾನಿಯಂ: ಎತ್ತಿದರೆ ಹಕ್ಕಿಯ ಮೂಳೆ,
ಬೆಲೆ ಕೇಳಿದರೆ ನಾನೇ ಹಾರಿಹೋಗಬೇಕು.
ಇನ್ನೊಂದು ಗಿಡ್ಡ, ತೋಪಿನ ಬಾಯಿ.
ರೇಸಿನ ಹುಡುಗರು ಒಯ್ಯುವುದು ಇದನ್ನೇ ಎಂದ.
ಅವರೇನು ಬೆಳಗಿನ ಐದಕ್ಕೆ
ಬಾಣಂತಿಯರ ಕಿಟಕಿಯ ಕೆಳಗೆ ಹೋಗಬೇಕೆ?
ಮೂರನೆಯದು ಸ್ಟೀಲು, ಉದ್ದ, ಮುಖದಲ್ಲಿ ಏನೂ ಇಲ್ಲ,
ಗುಮಾಸ್ತನ ಹಾಗೆ.

ಮಡಕೆ ಕೊಳ್ಳುವವಳಂತೆ ಬೆರಳ ಗೆಣ್ಣಿನಿಂದ ತಟ್ಟಿದೆ.
ತುಂಬಿದ ಸದ್ದು. "ಒಳಗೆ ಗಾಜಿನ ಉಣ್ಣೆ" ಎಂದ,
"ಬೈಗುಳವನ್ನೆಲ್ಲ ಅಲ್ಲೇ ನುಂಗುತ್ತದೆ,
ಹೊರಗೆ ಬರುವುದು ಬರೀ ಮಾತು."
ಮಾರುವಾಗ ಎಲಿಸೇಯೋ ಹೀಗೆಲ್ಲ ಮಾತಾಡುತ್ತಾನೆ.
ಬೋಲ್ಟು ಬಿಚ್ಚುವಾಗಿನ ಭಾಷೆ ಬೇರೆ.

ಬಿಚ್ಚುವುದಕ್ಕೇ ಒಂದೂವರೆ ದಿನ.
ಎಡಗಡೆಯ ನಟ್ಟು ಬಂತು.
ಬಲಗಡೆಯದು ಜಪ್ಪಯ್ಯ ಅಂದರೂ ಅಲುಗಲಿಲ್ಲ.
ಎಣ್ಣೆ ಬಿಟ್ಟು ರಾತ್ರಿಯಿಡೀ ಕಾದೆವು,
ಬೆಳಿಗ್ಗೆ ಬೆಂಕಿ ಹಿಡಿದು ಕೆಂಪಗೆ ಕಾಯಿಸಿ, ಮತ್ತೆ ಎಣ್ಣೆ, ಹೊಗೆ,
ಸ್ಪ್ಯಾನರಿಗೆ ಮಾರುದ್ದ ಪೈಪು ಸಿಕ್ಕಿಸಿ ಇಬ್ಬರೂ ಜೋತುಬಿದ್ದೆವು.
ಕಿರ್ ಎಂದಿತು.
ತಿರುಗಿದ್ದೋ, ತುಂಡಾದದ್ದೋ
ಆ ಸದ್ದಿನಿಂದ ತಿಳಿಯುವುದಿಲ್ಲ.

ತಿರುಗಿತ್ತು.

ತಾಮ್ರದ ಹೊಸ ಉಂಗುರ ಕೂರಿಸಿ
ಕಾಲು ಸುತ್ತು ಇಲ್ಲಿ, ಕಾಲು ಸುತ್ತು ಅಲ್ಲಿ;
ಒಂದೇ ಕಡೆ ಬಿಗಿದರೆ ಇನ್ನೊಂದು ಕಡೆ ಉಸಿರು ಸೋರುತ್ತದೆ.
ಕೊಕ್ಕೆಗೆ ಎಳೆಯುವಾಗ ಸ್ಪ್ರಿಂಗು ತಪ್ಪಿ
ಅವನ ಗದ್ದಕ್ಕೆ ಬಡಿಯಿತು. ನಾನು ನಗಲಿಲ್ಲ, ಆಗ.
ಕಾರ್ಬ್ಯುರೇಟರಿಗೆ ಒಂದು ಅಂಕಿ ದೊಡ್ಡ ಜೆಟ್ಟು:
ಗಂಟಲು ಹಿಗ್ಗಿದ ಮೇಲೆ ತುತ್ತೂ ಹಿಗ್ಗಬೇಕಲ್ಲ.
"ಸ್ಪಿರಿಟ್ಟು ಹಾಕಿ ಒರೆಸು, ಸ್ಟಾರ್ಟ್ ಮಾಡುವ ಮೊದಲು.
ಕೈಜಿಡ್ಡು ಸುಟ್ಟರೆ ಹಚ್ಚೆಯ ಹಾಗೆ, ಹೋಗುವುದಿಲ್ಲ."
ಒರೆಸಿದೆ. ಆದರೂ ಬಾಗಿನ ಒಳಮೈಯಲ್ಲಿ
ಕಂದು ಹೆಬ್ಬೆಟ್ಟೊಂದು ಉಳಿದುಬಿಟ್ಟಿದೆ.
ಯಾರದೆಂದು ಇವತ್ತಿಗೂ ಜಗಳ.

ಎರಡನೇ ಕಿಕ್ಕಿಗೆ ಹತ್ತಿತು.
ಪಕ್ಕದ ಕೋಣೆಯಲ್ಲಿ ದಪ್ಪ ದನಿಯ ಯಾರೋ
ನಿಧಾನವಾಗಿ ದುಡ್ಡು ಎಣಿಸುವ ಸದ್ದು.

ಮರುದಿನ ಐದಕ್ಕೆ ಕಡಲ ಮಂಜು ಮೆಟ್ಟಿಲು ಹತ್ತುತ್ತಿತ್ತು.
ಪೆಟ್ಟಿಗೆಯ ತುಂಬ ಬಿಸಿ ಬ್ರೆಡ್ಡು.
ಮೊದಲ ತಿರುವಿನಲ್ಲೇ ನಾಯಿಗಳು ಎದ್ದು
(ನನ್ನ ಕೈತುತ್ತು ತಿಂದು ಬೆಳೆದವೇ)
ಕಳ್ಳಿಯನ್ನು ಕಂಡಂತೆ ಅಟ್ಟಿಸಿಕೊಂಡು ಬಂದವು.
ಒಂದು ಕಿಟಕಿಯೂ ತೆರೆಯಲಿಲ್ಲ.
ಒರೋಸಿಯಾಳ ಗಂಡನಿಗೆ ಬಂದರಿನ ಪಾಳಿ ತಪ್ಪಿತಂತೆ.
"ನಿನ್ನ ಕೆಮ್ಮೇ ನಮ್ಮ ಅಲಾರಮ್ಮು, ಇಸ್ಮೇನಿಯಾ"
ಎಂದು ಬೈದು, ಆ ದಿನದ ಬ್ರೆಡ್ಡನ್ನು
ಅರ್ಧ ಬೆಲೆಗೆ ಕಿತ್ತುಕೊಂಡಳು.

ತುದಿಯ ನೀಲಿ ತಗಡಿನ ಮನೆ, ಮೂರನೇ ಮಹಡಿ.
ಕಣ್ಣು ಕಾಣದ ಬೌದಿಲಿಯೋ ತಾತ
ಹಗ್ಗ ಕಟ್ಟಿದ ಬುಟ್ಟಿ ಹಿಡಿದು ನಿಂತೇ ಇದ್ದ.
ನಾನು ಅವನ ಕೆಳಗೇ. ಎಂಜಿನ್ನು ಎಣಿಸುತ್ತಲೇ ಇತ್ತು.
ಅವನು ದಾರಿಯ ಆ ಕೊನೆಗೆ ಕಿವಿಯಿಟ್ಟು
ಹಳೆಯ ನನ್ನನ್ನು ಕಾಯುತ್ತಿದ್ದ.

ಹೆಸರು ಹೇಳಿ ಕೂಗಬಹುದಿತ್ತು.
ಎಂಜಿನ್ನು ಆರಿಸಿ,
ಬಾಯಿಗೆ ಕೈ ಅಡ್ಡ ಹಿಡಿದು
ಖೊಕ್ ಖೊಕ್ ಎಂದು ಎರಡು ಸಲ ಕೆಮ್ಮಿದೆ.

ಬುಟ್ಟಿ ಇಳಿಯಿತು,
ತಳದಲ್ಲಿ ಚಿಲ್ಲರೆ ಗಲಗಲ ಅನ್ನುತ್ತ.