ಬೆರಕೆ

ಹೊಲಕ್ಕೆ ಚೆಲ್ಲುವ ಯೂರಿಯಾವನ್ನು
ನಾನು ಹುರಿಯುತ್ತೇನೆ.
ಪಿಂಗಾಣಿ ಬಟ್ಟಲು, ಮೇಲೊಂದು ಮುಚ್ಚಳ,
ಐನೂರೈವತ್ತು ಡಿಗ್ರಿ, ನಾಲ್ಕು ತಾಸು.
ಆ ಘಾಟಿಗೆ ವಿಂಡ್‌ಹುಕ್ಕಿನ ಈ ಲ್ಯಾಬಿನಲ್ಲಿ
ಕಣ್ಣು ಒರೆಸಿಕೊಳ್ಳದವರಿಲ್ಲ.
ತಣಿದ ಮೇಲೆ ತೆರೆದರೆ
ಮಾಸಲು ಹಳದಿ ಪುಡಿ, ಉಸಿರು ತಾಗಿದರೆ ಹಾರುವಂಥದು.

ಒಂಟಿಯಾಗಿ ಇದು ಸೋಮಾರಿ.
ಬಿಸಿಲು ಕುಡಿಯುತ್ತದೆ, ಕುಡಿದದ್ದನ್ನು
ಯಾರಿಗೂ ದಾಟಿಸದೆ ಒಳಗೇ ಆರಿಸಿಬಿಡುತ್ತದೆ.
ಲೋಹದ ಚುಕ್ಕೆ ಅಂಟಿಸಬೇಕು:
ನಿಕ್ಕಲ್ ಚಿಟಿಕೆ, ಕೋಬಾಲ್ಟ್ ಚಿಟಿಕೆ,
ಹಿಡಿಯಲೊಂದು ಕೈ, ಬಿಡಲೊಂದು ಕೈ.
ರಿಜಿಸ್ಟರ್ ಹಿಡಿದ ಹುಡುಗ ಕೇಳಿದ, ಹೆಸರೇನು ಬರೆಯಲಿ?
ಬೆರಕೆ, ಅಂದೆ.
ತಲೆ ಎತ್ತಿ ನೋಡಿದ.
ರೆಹೊಬೋತಿನ ನಮ್ಮ ಜನದ ಮೇಲೆ
ಯಾರೋ ಎಸೆದಿದ್ದ ಮಾತು ಅದು;
ನಾವೇ ಹೆಕ್ಕಿ, ಒಗೆದು, ಕುಲದ ಹೆಸರೆಂದು ಉಟ್ಟುಕೊಂಡೆವು.

ಮೂರು ವರ್ಷ ಗುಳ್ಳೆಗಳು ಧಾರಾಳ.
ಪ್ರಬಂಧ ಓದಿದೆವು, ಚಪ್ಪಾಳೆ ಬಿತ್ತು.
ನೀರಿಗೆ ಬೆರೆಸಿದ್ದ ಬಲಿದ್ರವದ ಸಂಗತಿ
ಸಣ್ಣ ಅಕ್ಷರದಲ್ಲಿತ್ತು.
ಪುಡಿಯ ಹೊರೆ ಹಗುರವಾಗಲೆಂದು
ತಾನು ಸವೆದುಕೊಳ್ಳುವ ದ್ರವ.
ಒಂದು ಬೆಳಿಗ್ಗೆ ನಾಂಗೊಂಬೆ ಮೇಡಂ
ಆ ಬಾಟಲಿಯನ್ನು ಬೀರುವಿನೊಳಗಿಟ್ಟು ಬೀಗ ಜಡಿದರು:
ಬಲಿ ಸಾಕು. ಇನ್ನು ಬರೀ ನೀರು.

ಬರೀ ನೀರು
ಹನ್ನೊಂದು ತಿಂಗಳು ಬರೀ ನೀರಾಗಿಯೇ ಇತ್ತು.

ಅಜ್ಜಿ ಹೆಸ್ಟರ್ ಮೊದಲೇ ಬೈದಿದ್ದಳು,
ಮೀಟರಿಗೆ ಮುಂಗಡ ದುಡ್ಡು ಕಟ್ಟಿ ಕೊಡ ತುಂಬಿಸುವ ನಾಡಲ್ಲಿ
ಇರುವ ನೀರನ್ನೂ ಒಡೆಯುತ್ತೀಯೇನೆ?
ಉರಿಸಿದರೆ ತಿರುಗಿ ನೀರೇ ಬರುತ್ತದೆ, ಅಂದರೆ
ಹೋದದ್ದು ಬರುತ್ತದೆಂದು ಪಾದ್ರಿಯೂ ಹೇಳುತ್ತಾನೆ, ಅಂದಳು.

ಆಗಸ್ಟಿನ ನಡುಹಗಲು, ಲ್ಯಾಬಿನ ಮಹಡಿಯ ಮೇಲೆ,
ಗಾಜಿನ ಗೋಡೆಗೆ ಒಂದು ಗುಳ್ಳೆ.
ಬಹಳ ಹೊತ್ತಿನ ಮೇಲೆ ಇನ್ನೊಂದು.
ಅಳೆದರೆ ಎರಡಕ್ಕೆ ಒಂದು, ಸರಿಯಾಗಿ.
ನಾವು ಯಾರೂ ಕೂಗಲಿಲ್ಲ.

ವಾರದ ಗಳಿಕೆ ಬೆರಳುದ್ದದ ನಳಿಗೆಯಷ್ಟು.
ಬುತ್ತಿ ಡಬ್ಬಿಯಲ್ಲಿ ಮಲಗಿಸಿ ಊರಿಗೆ ತಂದೆ,
ಇದು ಯಾವ ನಿಯಮಕ್ಕೂ ಒಪ್ಪದ ಕೆಲಸ.
ಅಡುಗೆಮನೆಯಲ್ಲಿ ಕಡ್ಡಿ ಗೀರಿ ಬಾಯಿಗೆ ಹಿಡಿದರೆ
ಟಪ್.
ನಾಯಿ ಹೊರಗೋಡಿತು.
ನಳಿಗೆಯೊಳಗೆ ಮಂಜಿನಂತೆ ತೇವ.

ಅಜ್ಜಿ ಕಿರುಬೆರಳು ತೂರಿಸಿ ನೆಕ್ಕಿ ನೋಡಿದಳು.
ಸಪ್ಪೆ, ಅಂದಳು. ನೀರೇ.
ಆಮೇಲೆ: ಒಂದು ಲೋಟ ಚಹಾಕ್ಕೆ ಎಷ್ಟು ದಿನದ್ದು ಬೇಕು?

ನೀರಿನ ರಸೀದಿಯ ಬೆನ್ನ ಮೇಲೆ ಲೆಕ್ಕ ಹಾಕಿದೆ.
ಎಂಟು ವರ್ಷ, ಮೂರು ತಿಂಗಳು,
ಪುಡಿ ಅಲ್ಲಿಯತನಕ ಬದುಕಿದರೆ.

ಎಂಬತ್ತಾರರವಳು ಸೆರಗಿಲ್ಲದ ಉಡುಪಿಗೆ ಬೆರಳೊರೆಸಿ,
ಎರಡು ಚಮಚ ಸಕ್ಕರೆ, ಅಂದಳು,
ಮರೆಯಬೇಡ.