ಅಳತೆ ಕೊಡಲು ಬಂದವಳಿಗೆ

ಕೈ ಎತ್ತು, ಯುರಾನಿ. ಹೊಟ್ಟೆ ಒಳಗೆ ಎಳೆದುಕೊಳ್ಳಬೇಡ.
ಇಪ್ಪತ್ತಾರು ವರ್ಷದಿಂದ ಈ ಟೇಪು
ಕಾಲಿ ಪಟ್ಟಣದ ಸೊಂಟಗಳನ್ನೆಲ್ಲ ಸುತ್ತಿ ಬಂದಿದೆ,
ಅಂಕಿಗಳು ಮಾಸಿ ಈಗ ನನ್ನ ಬೆರಳಿಗಷ್ಟೇ ಕಾಣುತ್ತವೆ.
ಅದಕ್ಕೆ ಸುಳ್ಳು ಹೇಳಿ ಗೆದ್ದವರಿಲ್ಲ.

ಎರಡು ಫಾಹಾ ಹೊಲಿಯುತ್ತೇನೆ.
ಮೊದಲನೆಯದು ಊದಿದ ಮೈಗೆ.
ಹೌದು, ಊದಿದ ಮೈಗೆ.
ಕೊಬ್ಬು ಹೀರಿಸಿಕೊಂಡ ಮರುದಿನ ಕನ್ನಡಿಯೊಳಗೆ
ಇವತ್ತಿಗಿಂತ ದಪ್ಪಗಿರುತ್ತೀ.
ಕ್ಲಿನಿಕ್ಕಿನವರು ಹಂಚುವ ಬಣ್ಣದ ಕಾಗದದಲ್ಲಿ ಈ ಮಾತಿಲ್ಲ.
ಎರಡನೆಯದು ಇಳಿದ ಮೈಗೆ,
ಅದು ಯಾವಾಗ ಇಳಿಯುತ್ತದೋ ಆಗ.
ಮೂರು ತಿಂಗಳು ಅಂತಿಟ್ಟುಕೋ. ಆರೂ ಆದೀತು.

ಬಾಯಲ್ಲಿ ಪೆಪ್ಪರಮೆಂಟು, ಅದರ ಬೆನ್ನಿಗೆ ಸಿಗರೇಟು.
ನನಗೆ ಹೇಳಬೇಡ, ಡಾಕ್ಟರಿಗೆ ಹೇಳು.
ತಲೆನೋವಿನ ಮಾತ್ರೆ, ಬಸಿರು ತಡೆಯುವ ಮಾತ್ರೆ,
ಅತ್ತೆ ಕಷಾಯಕ್ಕೆ ಹಾಕಿ ಕುಡಿಸುವ ಆ ಬೇರು,
ಒಂದನ್ನೂ ನುಂಗಿಕೊಂಡು ಸುಮ್ಮನಿರಬೇಡ.
ನಿನ್ನ ರಕ್ತ ಎಷ್ಟು ಬೇಗ ಹೆಪ್ಪುಗಟ್ಟುತ್ತದೆ,
ಎಷ್ಟು ಹೊತ್ತು ಹರಿಯುತ್ತದೆ,
ಅದು ನಾಚಿಕೆಪಡುವ ವಿಷಯವೇ ಅಲ್ಲ.

ತೂಕ ಇಳಿಯುತ್ತದೆಯೇ ಅಂದೆಯಲ್ಲ,
ಇಲ್ಲ.
ತಕ್ಕಡಿ ನಿನ್ನನ್ನು ಹಳೆಯ ಗುರುತಿನವಳಂತೆಯೇ ಮಾತಾಡಿಸುತ್ತದೆ.
ಹಾಲಿನ ಕ್ಯಾನಿನಂತೆ ಎತ್ತಿ ಸುರಿಯಲು ಬರುವುದಿಲ್ಲ ಅದನ್ನು,
ಅಳತೆ ಮೀರಿ ಎಳೆದರೆ ಕೊಬ್ಬಿನ ಜೊತೆ ಜೀವವೂ ಬಂದೀತು.
ಇನ್ನೂ ಒಂದು ಲೀಟರು ತೆಗೆಯೋಣ ಅನ್ನುವ ಡಾಕ್ಟರನ್ನು ಕಂಡರೆ
ಚಪ್ಪಲಿ ಮೆಟ್ಟಿಕೊಂಡು ಎದ್ದು ಬಾ.

ಎಲ್ಲಿ ಮಾಡಿಸುತ್ತೀ? ಆಸ್ಪತ್ರೆಯಲ್ಲೋ, ಮನೆಯಲ್ಲೋ?
ಅರಿವಳಿಕೆ ಕೊಡುವವರು ಯಾರು, ಹೆಸರೇನು?
ಎದೆ ನಿಂತರೆ ಯಾವ ಬಾಗಿಲಿನಿಂದ ಎಲ್ಲಿಗೆ ಒಯ್ಯುತ್ತಾರೆ?
ಕೇಳಿದರೆ ಬೇಸರಪಟ್ಟುಕೊಳ್ಳುತ್ತಾರೆ ಅನ್ನುತ್ತೀಯಾ.
ಪಟ್ಟುಕೊಳ್ಳಲಿ.

ಆ ಮೊಳೆಗೆ ನೇತುಹಾಕಿದ್ದು ಮಾರ್ಲೆನಿಯದು.
ಎರಡನೆಯದು. ತಿಳಿಗೆಂಪು, ಎಡಪಕ್ಕ ಹದಿನೆಂಟು ಹುಕ್ಕು.
ಟೈರಿನಂಗಡಿಯ ಮೇಲಿನ ಮಹಡಿಯಲ್ಲಿ ಮಾಡಿಸಿಕೊಂಡಳು,
ಅರ್ಧ ಬೆಲೆಗೆ.
ನಾಲ್ಕನೆಯ ದಿನ ಪಾಸ್ತೋ ಬಸ್ಸು ಹತ್ತಿ
ಒಂಬತ್ತು ಗಂಟೆ ಅಲುಗಾಡದೆ ಕೂತಳು.
ಮೀನಖಂಡ ನೋಯುತ್ತಿದೆ ಅಂತ ತಂಗಿಗೆ ಫೋನು ಮಾಡಿದ್ದಳಂತೆ.
ಆ ತಂಗಿ ಬಂದಿದ್ದಳು ಇಲ್ಲಿಗೆ,
ಬಾಕಿ ಹಣ ಕೊಟ್ಟು,
ಬಟ್ಟೆ ಒಯ್ಯದೆ ಹೋದಳು.

ತಿರುಗು.
ಇಲ್ಲಿಂದೆಲ್ಲ ತಿಳಿಗೆಂಪು ನೀರು ಜಿನುಗುತ್ತದೆ, ಎರಡು ಮೂರು ದಿನ.
ಹಳೆಯ ಟವೆಲು ಕೂಡಿಡು. ಒಳ್ಳೆಯ ಹಾಸಿಗೆ ಬೇಡ.
ಆ ಸಂಜೆಯೇ ನಡೆ, ಬಚ್ಚಲವರೆಗಾದರೂ.
ಫಾಹಾ ಬಿಚ್ಚುವಾಗ ತಲೆ ಸುತ್ತುತ್ತದೆ, ಪಕ್ಕದಲ್ಲಿ ಯಾರಾದರೂ ಇರಲಿ,
ನಗದೇ ಇರುವವರು.

ಏನದು, ಫೋಟೋ? ಯಾವ ನಟಿ?
ಓ. ನೀನೇ.
ಹತ್ತೊಂಬತ್ತೋ ಇಪ್ಪತ್ತೋ. ನದಿಯ ಬದಿ, ಹಳದಿ ಲಂಗ.
ಹುಡುಗಿ, ನನ್ನ ಟೇಪು ಹಿಂದಕ್ಕೆ ಅಳೆಯುವುದಿಲ್ಲ.
ಇವಳಿಗೆ ಹೊಲಿದುಕೊಡು ಅಂದರೆ
ನನ್ನ ಹತ್ತಿರ ಆ ನೂಲಿಲ್ಲ.

ಕೈ ಕೊಡು ಇಲ್ಲಿ. ನನ್ನ ಪಕ್ಕೆ ಮುಟ್ಟು, ಏಪ್ರನ್ನಿನ ಕೆಳಗೆ.
ಗುಳಿ ಸಿಕ್ಕಿತಾ? ಚಮಚದಿಂದ ತೋಡಿದ ಹಾಗೆ.
ಹನ್ನೊಂದು ವರ್ಷವಾಯಿತು, ಅಷ್ಟು ಜಾಗದಲ್ಲಿ
ಯಾರು ಮುಟ್ಟಿದರೂ ನನಗೆ ಗೊತ್ತಾಗುವುದಿಲ್ಲ,
ನಿನ್ನ ಕೈಯನ್ನೂ ಕಣ್ಣಿಂದ ನೋಡಿಯೇ ತಿಳಿದೆ.
ಪಶ್ಚಾತ್ತಾಪವೇ? ಇಲ್ಲ. ಅದನ್ನೂ ಹೇಳಬೇಕು ತಾನೇ.
ಆ ಡಿಸೆಂಬರು ತೋಳಿಲ್ಲದ ಅಂಗಿ ತೊಟ್ಟು
ಬೆಳಗಿನ ತನಕ ಕುಣಿದೆ. ಬೇರೆ ಡಾಕ್ಟರಾಗಿದ್ದರೆ
ಗುಳಿ ಇರುತ್ತಿರಲಿಲ್ಲ, ಅಷ್ಟೇ.
ಆಮೇಲೆ ತಿಂದೆ. ಕೊಬ್ಬು ಬೇರೆ ವಿಳಾಸ ಹುಡುಕಿಕೊಂಡಿತು,
ನೋಡು, ಈ ತೋಳು.

ನಾಲ್ಕೂವರೆ. ಬೆಟ್ಟದ ಗಾಳಿ ಬಂತು, ಕಿಟಕಿ ಹಿಡಿ.
ಬರೆದುಕೊಂಡೆ: ಎಂಬತ್ತೊಂಬತ್ತು, ನೂರಾ ನಾಲ್ಕು.
ಪೆನ್ಸಿಲಿನಲ್ಲೇ ಬರೆಯುತ್ತೇನೆ ಯಾವಾಗಲೂ.
ಮೊದಲನೆಯದು ಗುರುವಾರಕ್ಕೆ.
ಪರ್ಸು ಒಳಗಿಡು, ಮುಂಗಡ ಬೇಡ.
ಎರಡಕ್ಕೂ ಸೇರಿಸಿ,
ಎರಡನೆಯದನ್ನು ಒಯ್ಯಲು ನೀನೇ ಬಂದಾಗ
ಕೊಡು.